ಗಾಳಿ ಗಾದಿ, ಎಂಟು ತಿಂಗಳು ಬಳಸಿದ ಮೇಲೆ

ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದರೆ ಮಾತ್ರ ಇದನ್ನು ಓದಿ. ಉಳಿದವರಿಗೆ ಸುಮ್ನೆ ಟೈಮ್ ಹಾಳು.

ನಾನು ಕೊಂಡದ್ದು ರೋಗಿಗಳಿಗೆ ಹಾಸುವ ಗಾಳಿ ಗಾದಿ. ಅಂಗಡಿಯವರು ಏರ್ ಬೆಡ್ ಅಂತಾರೆ. ಬೀದರಿನಲ್ಲಿ ಆಸ್ಪತ್ರೆ ಸುತ್ತಮುತ್ತಲಿನ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ₹2,900 ಹೇಳಿದ, ಮಾಸ್ತರ್ ಅಂತ ಗೊತ್ತಾದ ಮೇಲೆ ₹2,600ಕ್ಕೆ ಕೊಟ್ಟ. ಕಳೆದ ಸೆಪ್ಟೆಂಬರಿನ ಮಾತು. ಅಂಗಡಿ ಹೆಸರು, ಕಂಪನಿ ಹೆಸರು ಬರೆಯುವುದಿಲ್ಲ. ಯಾಕಂದರೆ ಆಮೇಲೆ ಆದ ತಪ್ಪಿನಲ್ಲಿ ಅಂಗಡಿ ಹುಡುಗನದು ಅರ್ಧ, ನನ್ನದು ಅರ್ಧ. ನನ್ನ ಅರ್ಧವೇ ಜಾಸ್ತಿ ಅಂತ ನಮ್ಮ ಮನೆಯವಳ ಲೆಕ್ಕ.

ಮೊದಲು ವಸ್ತು ಏನು ಅಂತ ಹೇಳ್ತೀನಿ. ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ತುಂಬ ಸಾಲು ಸಾಲು ಗುಳ್ಳೆಗಳು. ಪಡ್ಡಿನ ಹಂಚು ಬೋರಲು ಹಾಕಿದ ಹಾಗೆ ಕಾಣುತ್ತದೆ. ಒಂದು ತುದಿಗೆ ಎರಡು ಪೈಪು. ಅವು ಊಟದ ಡಬ್ಬಿಯಷ್ಟು ದೊಡ್ಡ ಪಂಪಿಗೆ ಸೇರುತ್ತವೆ. ಪಂಪಿಗೆ ಎರಡು ಕೊಕ್ಕೆ ಇರುತ್ತವೆ, ಪಲಂಗದ ಕಾಲ್ಕಡೆ ತೂಗಿ ಹಾಕಬೇಕು. ಪಂಪು ಅರ್ಧ ಗುಳ್ಳೆಗಳಿಗೆ ಗಾಳಿ ತುಂಬುತ್ತದೆ, ಇನ್ನರ್ಧದ್ದು ಇಳಿಸುತ್ತದೆ. ಸುಮಾರು ಹತ್ತು ನಿಮಿಷಕ್ಕೆ ಅದಲು ಬದಲು. ಹೀಗಾಗಿ ಮೈಯ ಒಂದೇ ಜಾಗದ ಮೇಲೆ ಭಾರ ನಿಲ್ಲುವುದಿಲ್ಲ. ಮಲಗಿದಲ್ಲೇ ಮಲಗಿದರೆ ಮೂಳೆ ಒತ್ತಿ ಒತ್ತಿ ಅಲ್ಲಿನ ಚರ್ಮಕ್ಕೆ ರಕ್ತ ಹೋಗುವುದಿಲ್ಲ, ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಅದಕ್ಕೇ ಈ ಗಾದಿ.

ಮಲಗಿರುವುದು ನಮ್ಮಣ್ಣ. ಎಪ್ಪತ್ತೆಂಟು ಕೆಜಿ. ಕಳೆದ ಆಗಸ್ಟಿನಲ್ಲಿ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಪೂರ್ತಿ ಹೋದವು. ಮಾತೂ ಹೋಯಿತು, ಒಂದು ಶಬ್ದ ಬಿಟ್ಟು. ‘ಬ್ಯಾಡ.’ ನೀರು ಕುಡೀತೀಯಾ ಅಂದರೂ ಬ್ಯಾಡ. ಗಟಗಟ ಕುಡಿದು ಮುಗಿಸಿಯೂ ಬ್ಯಾಡ. ಮಿದುಳಿನ ಎಡಗಡೆ ಪೆಟ್ಟಾದರೆ ಕೆಲವರಿಗೆ ಹೀಗೆ ಒಂದೇ ಶಬ್ದ ಉಳಿಯುತ್ತದೆ, ಎಲ್ಲದಕ್ಕೂ ಅದೇ ಬರುತ್ತದೆ ಅಂತ ಡಾಕ್ಟರ್ ಹೇಳಿದರು. ಇರಬಹುದು. ಕನ್ನಡದಲ್ಲಿ ಇಷ್ಟೊಂದು ಶಬ್ದ ಇರುವಾಗ ಅವನಿಗೆ ಇದೇ ಯಾಕೆ ಉಳಿಯಿತು ಅಂತ ನಾನಂತೂ ಬಹಳ ಯೋಚನೆ ಮಾಡಿದ್ದೇನೆ.

ಯಾಕಂದರೆ ಅಣ್ಣನಿಗೂ ನನಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಭಾಲ್ಕಿ ತಾಲೂಕಿನ ನಮ್ಮೂರಲ್ಲಿ ಒಂದು ಎಕರೆ ಇಪ್ಪತ್ತು ಗುಂಟೆ ಹೊಲ, ಅದರಲ್ಲೊಂದು ಬಾವಿ. ಬಾವಿ ಯಾರ ಪಾಲಿಗೆ ಅನ್ನುವುದೇ ಜಗಳ. ಈಗ ಆ ಬಾವಿಯಲ್ಲಿ ನೀರೂ ಇಲ್ಲ. ಅವ್ವನಿಗೆ ಮಣ್ಣು ಕೊಡುವಾಗ ಅವನು ಆ ಕಡೆ ನಿಂತಿದ್ದ, ನಾನು ಈ ಕಡೆ. ನಡುವೆ ಅವ್ವನ ಪೆಟ್ಟಿಗೆ. ‘ನಿನ್ನ ಮೋತಿ ನೋಡಲ್ಲ’ ಅಂತ ತಹಸೀಲ್ ಕಚೇರಿ ಮುಂದೆ ಹತ್ತು ಜನರೆದುರು ಅಂದಿದ್ದ. ಅತ್ತಿಗೆ ತೀರಿಹೋಗಿದ್ದಾರೆ. ಮಗ ಪುಣೆಯಲ್ಲಿದ್ದಾನೆ, ತಿಂಗಳು ತಿಂಗಳು ದುಡ್ಡು ಹಾಕುತ್ತಾನೆ, ಬರುವುದಿಲ್ಲ. ಡಿಸ್ಚಾರ್ಜ್ ದಿನ ಯಾರ ಮನೆಗೆ ಅಂತ ಪ್ರಶ್ನೆ ಬಂತು.

ನಾನೇನೂ ಕುಣಿದುಕೊಂಡು ಹೋಗಲಿಲ್ಲ. ನಾನು ಹೈಸ್ಕೂಲ್ ಕನ್ನಡ ಮಾಸ್ತರ್, ಆಗಿನ್ನೂ ನಿವೃತ್ತಿಯಾಗಿ ವರ್ಷ ಕಳೆದಿರಲಿಲ್ಲ. ನಮ್ಮ ಮೆಥೋಡಿಸ್ಟ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಪಾಸ್ಟರ್ ಊರಲ್ಲಿಲ್ಲದ ಭಾನುವಾರ ಪ್ರಸಂಗ, ಅಂದರೆ ಉಪದೇಶ, ನನ್ನದು. ನಿವೃತ್ತಿಯ ದಿನ ರಾತ್ರಿ ಮೊಣಕಾಲೂರಿ ದೇವರಿಗೆ ಹೇಳಿದ್ದೆ, ಇನ್ನು ಮೇಲೆ ನನ್ನ ದಿನಗಳು ನಿನ್ನವು, ಎಲ್ಲಿಗಾದರೂ ಕಳಿಸು ಅಂತ. ಎಲ್ಲಿಗಾದರೂ ಅಂದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಔರಾದ್, ಚಿಟಗುಪ್ಪ, ಹುಮನಾಬಾದ್ ಕಡೆಯ ಹಳ್ಳಿಗಳು. ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡಿದ್ದೆ. ಹೆಗಲಿಗೆ ಹಾಕಿಕೊಳ್ಳುವ ಮೈಕ್ ಸೆಟ್ಟೂ ಬಂದಿತ್ತು. ದೇವರು ಕಳಿಸಿದ್ದು ನಮ್ಮದೇ ಮನೆಯ ಹಿಂದಿನ ಕೋಣೆಗೆ.

ಆಸ್ಪತ್ರೆ ಮೆಟ್ಟಿಲ ಮೇಲೆ ನಾನು ಇನ್ನೂ ಲೆಕ್ಕ ಹಾಕುತ್ತಿರುವಾಗ ಮನೆಯವಳು ಅಂದಳು: ‘ಹಳ್ಳಿ ಹಳ್ಳಿ ತಿರಗಿ ಮಂದಿಗೆ ಕ್ಷಮಾ ಮಾಡ್ರಿ ಅಂತ ಹೇಳ್ತೀರಲ್ರೀ. ಮೊದಲ ಭಾವನವರಿಗಿ ಚಡ್ಡಿ ಬದಲ ಮಾಡ್ರಿ.’ ನಲವತ್ತು ವರ್ಷದಲ್ಲಿ ಇಷ್ಟು ಚಿಕ್ಕ ಪ್ರಸಂಗ ನಾನು ಒಂದೂ ಮಾಡಿಲ್ಲ.

ಈಗ ಗಾದಿ ತಂದ ಕಾರಣಕ್ಕೆ ಬರ್ತೀನಿ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿತ್ತು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ. ಹಗಲೂ, ರಾತ್ರಿಯೂ. ಮನೆಯವಳೂ ನಾನೂ ಸೇರಿ ಮೂರು ವಾರ ಮಾಡಿದೆವು. ಅಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಅಂಗಡಿಗೆ ಹೋದೆ. ಹುಡುಗ ಪಂಪು ಹಚ್ಚಿ ತೋರಿಸಿದ. ‘ಸರ್, ಇದೊಂದು ಹಾಕಿಬಿಡ್ರಿ. ಹೊರಳ್ಸೋ ಗರಜೇ ಇಲ್ಲ. ಗಾದಿನೇ ಹೊರಳಸ್ತದ.’

ಈ ಮಾತು ಸುಳ್ಳು. ಗಾದಿ ಇದ್ದರೂ ಹೊರಳಿಸಲೇಬೇಕು. ಗಾದಿ ಒತ್ತಡ ಹಂಚುತ್ತದೆ ಅಷ್ಟೇ, ಮನುಷ್ಯನನ್ನು ತಿರುಗಿಸುವುದಿಲ್ಲ. ಕೊಳ್ಳುವವರು ಇದೊಂದು ಸಾಲು ನೆನಪಿಟ್ಟರೂ ಸಾಕು. ಆದರೆ ಅವತ್ತು ನನಗೆ ಬೇಕಾಗಿದ್ದದ್ದೇ ಆ ಸುಳ್ಳು, ಅದಕ್ಕೇ ನಂಬಿದೆ. ಮಾಸ್ತರ್ ಆದವನು ಡಬ್ಬಿಯೊಳಗಿನ ಚೀಟಿ ಓದಬೇಕಿತ್ತು, ಅಲ್ವಾ? ಓದಲಿಲ್ಲ. ಬಿಲ್ಲು ಮಾತ್ರ ಜೋಪಾನವಾಗಿ ಫೈಲಿಗೆ ಹಾಕಿದೆ.

ಮೊದಲ ಒಂಬತ್ತು ದಿನ ಸ್ವರ್ಗ. ಪಂಪು ಗುಂಯ್ ಅನ್ನುತ್ತದೆ, ಅಷ್ಟೇನೂ ಜೋರಿಲ್ಲ, ಫ್ಯಾನ್ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಹತ್ತನೇ ದಿನ ನಿಂತಿತು. ಅಂಗಡಿಗೆ ಒಯ್ದರೆ ವಾರಂಟಿ ಗಾದಿಗೆ ಇದೆ, ಪಂಪಿಗಿಲ್ಲ ಅಂದರು. ಮಾಲೀಕರು ಬರಲಿ ಅಂತ ಸ್ಟೂಲ್ ಮೇಲೆ ಎರಡು ತಾಸು ಕೂತೆ. ಕೊನೆಗೆ ಕೊಟ್ಟರು, ಬೇರೆ ಡಬ್ಬಿಯಿಂದ ತೆಗೆದು. ಇವತ್ತಿಗೂ ಅದೇ ನಡೆಯುತ್ತಿದೆ. ಕೊಳ್ಳುವಾಗಲೇ ಪಂಪಿನ ವಾರಂಟಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ನವೆಂಬರಿನಲ್ಲಿ ಹುಮನಾಬಾದ್ ಕಡೆ ಒಂದು ಹಳ್ಳಿಯಲ್ಲಿ ಎರಡು ದಿನದ ಪ್ರಾರ್ಥನಾ ಕೂಟ. ನನ್ನನ್ನು ಕರೆದರು. ಅಂತೂ ದೇವರು ದಾರಿ ತೆರೆದ ಅಂದುಕೊಂಡೆ. ಮನೆಯವಳಿಗೆ ಹೇಳಿದೆ, ರಾತ್ರಿ ನೀನೊಬ್ಬಳೇ ಒದ್ದಾಡಬೇಡ, ಹೊರಳಿಸುವುದು ಬೇಡ, ಗಾದಿ ನೋಡಿಕೊಳ್ತದೆ ಅಂತ. ಅವಳು ಒಂದು ಥರ ನೋಡಿದಳು. ಬೈಕ್ ಹತ್ತಿದೆ.

ಅಲ್ಲಿ ನಾನು ಮಾತಾಡಿದ್ದು ನಾಮಾನನ ಬಗ್ಗೆ. ಬೈಬಲಿನ ಕಥೆ, ಗೊತ್ತಿಲ್ಲದವರಿಗೆ ಎರಡು ಮಾತು. ಸಿರಿಯಾದ ಸೇನಾಪತಿ, ಮೈಗೆ ಕುಷ್ಠ. ಪ್ರವಾದಿ ಎಲೀಷನ ಮನೆಬಾಗಿಲಿಗೆ ರಥ, ಕುದುರೆ ಎಲ್ಲ ಕಟ್ಟಿಕೊಂಡು ಬರುತ್ತಾನೆ. ಎಲೀಷ ಹೊರಗೂ ಬರುವುದಿಲ್ಲ. ಆಳು ಕಳಿಸಿ, ಹೋಗಿ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗು ಅಂತ ಹೇಳಿಸುತ್ತಾನೆ. ನಾಮಾನನಿಗೆ ಸಿಟ್ಟು ಬರುತ್ತದೆ. ನಮ್ಮ ದಮಸ್ಕದಲ್ಲಿ ಅಬಾನ, ಪರ್ಪರ್ ಅಂಥ ನದಿಗಳಿಲ್ಲವೇ, ಈ ಹೊಳೆ ಯಾಕೆ ಅಂತ ತಿರುಗಿ ಹೊರಡುತ್ತಾನೆ. ಗೋದಾವರಿ ಕಂಡವನಿಗೆ ನಮ್ಮೂರ ಹಳ್ಳದಲ್ಲಿ ಮುಳುಗೇಳು ಅಂದ ಹಾಗಾಯಿತು ಅಂತ ಹೇಳಿದೆ, ಜನ ನಕ್ಕರು. ಆಮೇಲೆ ಅವನ ಆಳುಗಳು ಸಮಾಧಾನ ಮಾಡುತ್ತಾರೆ. ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಿ, ಇದು ಸಣ್ಣದು ಅಂತ ಬಿಡ್ತೀರಾ ಅಂತ. ಈ ಜಾಗದಲ್ಲಿ ನಾನು ದನಿ ಇಳಿಸಿ ಮಾತಾಡುತ್ತೇನೆ. ಒಬ್ಬ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚೆನ್ನಾಗಿ ಆಯಿತು ಅಂತ ಖುಷಿಯಾಗಿ ಮರುದಿನ ಸಂಜೆ ಮನೆಗೆ ಬಂದೆ.

ಬಂದವನು ಅಣ್ಣನ ಬಟ್ಟೆ ಬದಲಿಸಲು ಮಗ್ಗುಲು ಸರಿಸಿದೆ. ಬೆನ್ನ ಕೆಳಗೆ, ಕುಂಡಿಯ ನಡುಮೂಳೆ ಇರುವಲ್ಲಿ, ಐದು ರೂಪಾಯಿ ನಾಣ್ಯದಷ್ಟು ಕೆಂಪು ಮಚ್ಚೆ. ಬೆರಳಿನಿಂದ ಒತ್ತಿದೆ. ಆರೋಗ್ಯದ ಚರ್ಮವಾದರೆ ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತದೆ. ಇದು ಬೆಳ್ಳಗಾಗಲಿಲ್ಲ. ಹಾಗೇ ಕೆಂಪಗೆ ನೋಡುತ್ತಾ ಇತ್ತು. ಅಣ್ಣ ‘ಬ್ಯಾಡ’ ಅಂದ, ಸಣ್ಣ ದನಿಯಲ್ಲಿ.

ಪಕ್ಕದ ಮನೆಯ ಕಾಕು ಕೊಬ್ಬರಿ ಎಣ್ಣೆ ಹಾಕಿ ಗಸಗಸ ತಿಕ್ಕಿ ಅಂದರು. ಪುಣ್ಯಕ್ಕೆ ನಮ್ಮ ಸಭೆಯ ಒಬ್ಬ ನರ್ಸ್ ತಾಯಿ ಅವತ್ತೇ ಬಂದರು. ತಿಕ್ಕಲೇಬಾರದು, ಒಳಗೆ ಇನ್ನೂ ಹಾಳಾಗುತ್ತದೆ ಅಂದರು. ಆಮೇಲೆ ಗಾದಿ ನೋಡಿ ನನ್ನನ್ನು ನೋಡಿದರು. ನಾನು ಮಾಡಿದ್ದ ತಪ್ಪುಗಳು ಇವು. ಗಾದಿ ಹೊಲಸಾಗಬಾರದು ಅಂತ ಮೇಲೆ ರಬ್ಬರ್ ಶೀಟ್ ಹಾಸಿದ್ದೆ. ಅದರ ಮೇಲೆ ಮೆತ್ತಗಿರಲಿ ಅಂತ ಅವ್ವನ ಕಾಲದ ದಪ್ಪ ಕೌದಿ. ಅದರ ಮೇಲೆ ಚಾದರ. ಅಷ್ಟು ಹಾಸಿದ ಮೇಲೆ ಕೆಳಗೆ ಗುಳ್ಳೆ ಏರಿದರೇನು, ಇಳಿದರೇನು. ಮೇಲಿನವನಿಗೆ ಗೊತ್ತೇ ಆಗುವುದಿಲ್ಲ. ಗಾಳಿ ಗಾದಿ ಮೇಲೆ ತೆಳು ನೂಲಿನ ಚಾದರ ಒಂದೇ ಇರಬೇಕು, ಅದೂ ಬಿಗಿಯಾಗಿ ಎಳೆದು ಸಿಕ್ಕಿಸಬಾರದು. ಗಾದಿ ಕೆಳಗೆ ಮಾಮೂಲಿ ಹಾಸಿಗೆ ಇರಬೇಕು, ಬರೀ ಹಲಗೆ ಮೇಲೆ ಹಾಕಬಾರದು.

ಇನ್ನೊಂದು, ಪಂಪಿನ ಗುಂಡಿ. ರೋಗಿಯ ತೂಕ ನೋಡಿ ತಿರುಗಿಸಬೇಕು. ಹುಡುಗ ಅಂಗಡಿಯಲ್ಲಿ ಕಡಿಮೆಗೆ ಇಟ್ಟು ಕೊಟ್ಟಿದ್ದ, ನಾನು ಮುಟ್ಟಿರಲಿಲ್ಲ. ಎಪ್ಪತ್ತೆಂಟು ಕೆಜಿಗೆ ಅದು ಸಾಲದು. ಆ ತಾಯಿ ನನ್ನ ಕೈ ಹಿಡಿದು ಗಾದಿಯ ಕೆಳಗೆ, ಸರಿಯಾಗಿ ಅಣ್ಣನ ಕುಂಡಿಯ ಕೆಳಗೆ ತೂರಿಸಿದರು. ಅಂಗೈ ಮೇಲ್ಮುಖ. ‘ಮೂಳಿ ಹತ್ಲಾಕತ್ತದೇನ್ರೀ ಸರ್?’ ಹತ್ತುತ್ತಿತ್ತು. ಅಣ್ಣನ ಮೂಳೆ ನನ್ನ ಅಂಗೈಯಲ್ಲಿ ಕೂತಿತ್ತು. ಹಾಗೆ ಹತ್ತಿದರೆ ಗಾದಿ ಇದ್ದೂ ಇಲ್ಲದ ಹಾಗೆ. ಗುಂಡಿ ಏರಿಸಿ ಅರ್ಧ ತಾಸು ಬಿಟ್ಟು ಮತ್ತೆ ತೂರಿಸಿದೆ. ಈ ಸಲ ನಡುವೆ ಎರಡು ಬೆರಳು ಗಾಳಿ ಇತ್ತು. ಈಗ ದಿನಾ ಬೆಳಿಗ್ಗೆ ಇದನ್ನು ಮಾಡುತ್ತೇನೆ. ಬೈಬಲ್ ತೆರೆಯುವ ಮೊದಲು.

ಆ ಮಚ್ಚೆ ಹೋಗಲು ಹದಿನೇಳು ದಿನ ಬೇಕಾಯಿತು. ಹುಣ್ಣಾಗಲಿಲ್ಲ. ಆ ಹದಿನೇಳು ದಿನ ನಾಮಾನ ನನ್ನನ್ನು ಬಿಡಲಿಲ್ಲ. ಅವನಿಗಾದರೂ ಏಳೇ ಸಲ. ನನಗೆ ದಿನಕ್ಕೆ ಹನ್ನೆರಡು. ಅವನದು ಏಳನೇ ಸಲಕ್ಕೆ ಮುಗಿಯಿತು, ಮೈ ಎಳೆ ಮಗುವಿನದರಂತಾಯಿತು. ಇಲ್ಲಿ ಹನ್ನೆರಡನೇ ಸಲ ಮುಗಿದರೆ ಮತ್ತೆ ಒಂದನೇ ಸಲ. ಈ ಮಾತು ನನ್ನ ಪ್ರಸಂಗದಲ್ಲಿ ಇರಲಿಲ್ಲ. ಆ ಹಳ್ಳಿಯ ಮುದುಕಿಯ ಮನೆಯಲ್ಲಿ ಯಾರಾದರೂ ಮಲಗಿದ್ದರೋ ಏನೋ, ನಾನು ಕೇಳಲೂ ಇಲ್ಲ.

ಹೊರಳಿಸುವ ವಿಧಾನ ಹೇಳ್ತೀನಿ, ಯಾಕಂದರೆ ತೋಳು ಹಿಡಿದು ಎಳೆದರೆ ಲಕ್ವಾ ಹೊಡೆದ ಕೈಯ ಭುಜ ಜಾರುತ್ತದೆ. ಒಂದು ಹಳೆ ಚಾದರವನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆವರೆಗೆ ಬರುವಂತೆ ಅಡ್ಡ ಹಾಸಿ. ಹೊರಳಿಸುವಾಗ ಮಾತ್ರ, ಆಮೇಲೆ ತೆಗೆಯಿರಿ. ಇಬ್ಬರು ಎರಡು ಕಡೆ ಹಿಡಿದು ಒಂದು, ಎರಡು, ಮೂರು. ಪೂರ್ತಿ ಮಗ್ಗುಲಿಗೆ ಮಲಗಿಸಬೇಡಿ, ತೊಡೆಯ ಮೂಳೆ ಒತ್ತುತ್ತದೆ. ಸ್ವಲ್ಪ ಓರೆ, ಬೆನ್ನಿಗೆ ದಿಂಬು. ಮೊಣಕಾಲ ನಡುವೆ ಒಂದು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿರಬೇಕು. ಹಿಮ್ಮಡಿಯನ್ನು ಎಲ್ಲರೂ ಮರೆಯುತ್ತಾರೆ.

ರಾತ್ರಿ ಹತ್ತು ಮತ್ತು ಆರರ ಪಾಳಿಗೆ ಇಬ್ಬರೂ ಸೇರುತ್ತೇವೆ. ಹನ್ನೆರಡು, ಎರಡು, ನಾಲ್ಕು ನನ್ನೊಬ್ಬನದು. ಎಂಟು ತಿಂಗಳಾದರೂ ಎರಡರ ಪಾಳಿ ಅಭ್ಯಾಸ ಆಗಿಲ್ಲ. ಹಗಲಿನ ಪಾಳಿ ಕಷ್ಟವಿಲ್ಲ, ಯಾಕಂದರೆ ಹಗಲು ಜನ ಬರುತ್ತಾರೆ. ಒಂದು ನಾಚಿಕೆಯ ವಿಷಯ ಹೇಳಿಬಿಡ್ತೀನಿ. ಕ್ರಿಸ್ಮಸ್ ಮುಂದೆ ಸಭೆಯವರು ಹಾಡು ಹೇಳಲು ಮನೆಗೆ ಬಂದಾಗ ಅಣ್ಣನ ಡೈಪರ್ ಬದಲಿಸುವ ಹೊತ್ತಾಗಿತ್ತು. ಅರ್ಧ ತಾಸು ತಡೆಯಬಹುದಿತ್ತು. ತಡೆಯಲಿಲ್ಲ. ಕೋಣೆ ಬಾಗಿಲೂ ಮುಂದೆ ಮಾಡಲಿಲ್ಲ. ‘ಎಂಥ ಸೇವಾ ಮಾಡ್ಲಾಕತ್ತೀರಿ ಮಾಸ್ತರ್’ ಅಂತ ಯಾರೋ ಅಂದರು. ನನಗೆ ಹಿತವಾಯಿತು. ಅಣ್ಣ ಮುಖ ಗೋಡೆ ಕಡೆ ಮಾಡಿದ್ದ. ಅವನು ಬ್ಯಾಡ ಅಂದದ್ದು ಒಮ್ಮೆ ಮಾತ್ರ ಅಲ್ಲ, ನಾಲ್ಕೈದು ಸಲ, ಮತ್ತು ಅವತ್ತು ಅದರ ಅರ್ಥ ಬೇಡ ಅಂತಲೇ ಇತ್ತು.

ಆ ರಾತ್ರಿ ಎರಡಕ್ಕೆ ಎದ್ದಾಗ ನೆನಪಾಯಿತು, ನಾಮಾನನ ಕಥೆ ಇರುವ ಬೈಬಲಿನ ಅರಸುಗಳ ಎರಡನೇ ಪುಸ್ತಕದಲ್ಲೇ ಇನ್ನೊಂದು ಕಡೆ, ನಾಮಾನನಿಗಿಂತ ಮುಂಚೆ, ಮೂರು ಅರಸರು ನೀರಿಲ್ಲದ ಸೀಮೆಯಲ್ಲಿ ಸಿಕ್ಕಿಕೊಂಡು ಪ್ರವಾದಿ ಯಾರಾದರೂ ಇದ್ದಾರಾ ಅಂತ ಕೇಳುತ್ತಾರೆ. ಒಬ್ಬ ಸೇವಕ ಎಲೀಷನ ಹೆಸರು ಹೇಳುತ್ತಾನೆ. ಅಪ್ಪನ ಹೆಸರು ಬಿಟ್ಟರೆ ಎಲೀಷನ ಗುರುತು ಅಂತ ಅವನು ಕೊಡುವುದು ಒಂದೇ: ತನ್ನ ಗುರು ಎಲೀಯನ ಕೈಗೆ ನೀರು ಹಾಕುತ್ತಿದ್ದವನು. ಅಷ್ಟೊತ್ತಿಗೆ ಎಲೀಷ ಯೊರ್ದನ್ ಹೊಳೆಯನ್ನೇ ಎರಡು ಭಾಗ ಮಾಡಿ ದಾಟಿದ್ದ. ಅದನ್ನು ಆ ಸೇವಕ ಎತ್ತುವುದೇ ಇಲ್ಲ. ನಲವತ್ತು ವರ್ಷದಿಂದ ಓದಿದ ಪುಟ, ಈ ಸಾಲಿನ ಮೇಲೆ ನಾನು ಯಾವತ್ತೂ ನಿಂತಿರಲಿಲ್ಲ. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿ ಅಣ್ಣನ ಎಡಗೈ ಒರೆಸಿದೆ. ನೋಡಲು ಯಾರೂ ಇರಲಿಲ್ಲ, ಅಣ್ಣನೂ ನಿದ್ದೆಯಲ್ಲಿದ್ದ.

ಮತ್ತೆ ಗಾದಿಗೆ ಬರೋಣ. ಕರೆಂಟ್ ಹೋದರೆ ಇದು ನಿಧಾನ ಇಳಿಯುತ್ತದೆ. ನಮ್ಮಲ್ಲಿ ಅರ್ಧ ತಾಸಿಗೆ ಗುಳ್ಳೆ ಮೆತ್ತಗಾಗುತ್ತವೆ. ಏಪ್ರಿಲ್ ಕೊನೆಯಲ್ಲಿ ಗಾಳಿ ಮಳೆ ಬಂದು ರಾತ್ರಿ ಇಡೀ ಕರೆಂಟ್ ಇರಲಿಲ್ಲ. ಪಂಪಿಗೆ ಬೇಕಾಗುವುದು ಒಂದು ಎಲ್‌ಇಡಿ ಬಲ್ಬಿನಷ್ಟು ಕರೆಂಟ್, ಹಾಗಾಗಿ ಇನ್ವರ್ಟರ್ ಇದ್ದರೆ ಆ ಕೋಣೆಯ ಒಂದು ಪ್ಲಗ್ಗಿಗೆ ಲೈನ್ ಎಳೆಸಿ. ನಾವು ಅದಾದ ಮೇಲೆ ಎಳೆಸಿದೆವು. ಈ ಪಂಪಿಗೆ ನಿಂತರೆ ಕೂಗುವ ಅಲಾರಂ ಇಲ್ಲ, ಅದು ದೊಡ್ಡ ಕೊರತೆ. ನಮ್ಮ ಮನೆಯಲ್ಲಿ ಅಲಾರಂ ಅಣ್ಣನೇ. ಗುಂಯ್ ಸದ್ದು ನಿಂತ ಕೂಡಲೇ ‘ಬ್ಯಾಡ, ಬ್ಯಾಡ, ಬ್ಯಾಡ’ ಅಂತ ಎಡಗೈಯಿಂದ ಪಲಂಗ ಬಡಿಯುತ್ತಾನೆ. ಆ ರಾತ್ರಿ ಅವನು ಬಡಿದದ್ದಕ್ಕೇ ನನಗೆ ಎಚ್ಚರವಾಯಿತು. ಬೆಳಗಿನವರೆಗೆ ಗಂಟೆಗೊಮ್ಮೆ ಹೊರಳಿಸಿದೆ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು. ನನ್ನ ಬಾಯಿಂದ ಬಂದ ಮಾತುಗಳು ಪ್ರಾರ್ಥನೆ ಆಗಿರಲಿಲ್ಲ. ಕೇಳಬೇಕಾದವನು ಕೇಳಿರುತ್ತಾನೆ.

ಸೆಕೆ ಇನ್ನೊಂದು ತೊಂದರೆ. ಬೀದರ್ ಎತ್ತರದಲ್ಲಿದೆ, ಕಲಬುರಗಿಯಷ್ಟು ಸುಡುವುದಿಲ್ಲ ಅಂತ ನಾವು ಜಂಬ ಪಡುತ್ತೇವೆ. ಮೇ ತಿಂಗಳಲ್ಲಿ ಈ ಪ್ಲಾಸ್ಟಿಕ್ ಮೇಲೆ ಮಲಗಿದವರಿಗೆ ಆ ಜಂಬ ಉಪಯೋಗಕ್ಕೆ ಬರುವುದಿಲ್ಲ. ಬೆನ್ನು ಬೆವರುತ್ತದೆ, ಚಾದರ ದಿನಕ್ಕೆ ಮೂರು ಸಲ ಬದಲಿಸಬೇಕು. ಉಗುರು, ಸೇಫ್ಟಿ ಪಿನ್ ದೂರ ಇಡಿ. ಫೆಬ್ರುವರಿಯಲ್ಲಿ ಒಂದು ಗುಳ್ಳೆ ತೂತಾಯಿತು. ಡಬ್ಬಿಯಲ್ಲಿ ತೇಪೆ, ಗೋಂದು ಕೊಟ್ಟಿರುತ್ತಾರೆ. ಸೋಪಿನ ನೀರು ಹಚ್ಚಿ ಬುರುಬುರು ಬರುವ ಜಾಗ ಹುಡುಕಿ, ಒಣಗಿಸಿ ಅಂಟಿಸಿದೆ, ಸೈಕಲ್ ಟ್ಯೂಬಿನ ಹಾಗೇ. ಇನ್ನೂ ಹಿಡಿದಿದೆ.

ಡೈಪರ್ ವಿಷಯ ಬೇಗ ಮುಗಿಸ್ತೀನಿ. ಪ್ಯಾಂಟಿನ ಥರದ್ದು ಬೇಡ, ಮಲಗಿದವರಿಗೆ ಪಕ್ಕದಲ್ಲಿ ಅಂಟಿಸುವುದೇ ಸರಿ. ಹಗಲು ಡೈಪರ್ ತೆಗೆದು ಹಳೆ ಪಂಚೆ ತುಂಡು ಹಾಕಿದರೆ ಚರ್ಮಕ್ಕೆ ಒಳ್ಳೆಯದು, ಒಗೆಯುವವರಿಗೆ ಕಷ್ಟ. ನಮ್ಮ ಮನೆಯಲ್ಲಿ ಒಗೆಯುವವನು ನಾನು. ಮನೆಯವಳು ಮುಟ್ಟಿದರೆ ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಾನೆ, ತಮ್ಮನ ಹೆಂಡತಿ ಅಂತ.

ಗಾದಿಗೆ ಐದಕ್ಕೆ ಮೂರು ಕೊಡ್ತೀನಿ. ಕೊಳ್ಳಿ, ಆದರೆ ಹೊರಳಿಸುವುದು ತಪ್ಪುತ್ತದೆ ಅಂತ ಕೊಳ್ಳಬೇಡಿ. ದುಡ್ಡಿದ್ದರೆ ಉದ್ದುದ್ದ ಕೊಳವೆ ಇರುವ ಗಾದಿ ಬರುತ್ತದೆ, ಭಾರದವರಿಗೆ ಅದು ಇದಕ್ಕಿಂತ ಚೆನ್ನಾಗಿದೆ ಅಂತ ನರ್ಸ್ ತಾಯಿ ಹೇಳುತ್ತಾರೆ. ನನ್ನ ಬೈಕ್ ಮಾರಾಟಕ್ಕಿದೆ, ಮಾರಿದರೆ ಅದನ್ನೇ ತರುವ ವಿಚಾರ. ಮೈಕ್ ಸೆಟ್ ಮಾತ್ರ ಇಟ್ಟುಕೊಂಡಿದ್ದೇನೆ, ಮನೆಯವಳು ಕೇಳಿದಾಗಲೆಲ್ಲ ಮಾತು ಮರೆಸುತ್ತೇನೆ.

ಒಂದು ಸಹಾಯ ಬೇಕು. ಪಂಪಿಗೆ ಪೈಪು ಸೇರುವ ತುದಿಯ ಸಣ್ಣ ಪ್ಲಾಸ್ಟಿಕ್ ನಳಿಕೆ, ಕಿರುಬೆರಳಿನಷ್ಟದು, ನಮ್ಮದು ಸೀಳಿದೆ. ಸದ್ಯಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ, ಎರಡು ದಿನಕ್ಕೊಮ್ಮೆ ಬಿಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಅದೊಂದೇ ಬರುವುದಿಲ್ಲ, ಪಂಪೇ ಕೊಳ್ಳಿ ಅಂತಾರೆ. ಬೀದರಿನಲ್ಲಿ, ಇಲ್ಲ ಕಲಬುರಗಿಯಲ್ಲಿ, ಅದನ್ನು ಬಿಡಿಯಾಗಿ ಮಾರುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.